ಎರಡು ದಿನ ಊರಲ್ಲಿಲ್ಲ ಅಂದ್ರೆ ಹೋಟೆಲ್ ನಿಂತು ಹೋಗುತ್ತೆ. ಕೆಲಸದವರ ಕೈಗೆ ಜವಾಬ್ದಾರಿ ಬಿಡೋದು ಹೇಗೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗದೆ ಓದಿ.

ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ವೆಜ್ ಹೋಟೆಲ್ ಇದೆ. 11 ವರ್ಷ ಆಯ್ತು. ಶುರುವಿನಲ್ಲಿ ನಾನು, ನನ್ನ ಹೆಂಡತಿ, ಒಬ್ಬರು ಭಟ್ಟರು, ಒಬ್ಬ ಕ್ಲೀನರ್ ಹುಡುಗ, ಇಷ್ಟೇ ಜನ. ಈಗ 14 ಜನ ಕೆಲಸಕ್ಕಿದ್ದಾರೆ. ಆದರೆ ನನ್ನ ದಿನ ಮಾತ್ರ ಆವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವವನು ನಾನು. ಸ್ಟೋರ್ ಬೀಗ ತೆಗೆದು ಅಕ್ಕಿ, ಉದ್ದಿನಬೇಳೆ, ತೊಗರಿಬೇಳೆ, ಕಾಫಿಪುಡಿ ತೂಗಿ ಕೊಡುವವನು ನಾನು. ಗಲ್ಲಾದಲ್ಲಿ ಕೂರುವವನು, ಹಾಲಿನವರಿಗೆ ತರಕಾರಿಯವರಿಗೆ ದುಡ್ಡು ಕೊಡುವವನು, ರಾತ್ರಿ ಹತ್ತಕ್ಕೆ ಬೀಗ ಹಾಕುವವನೂ ನಾನೇ.

ಹೋದ ತಿಂಗಳು ಷಡ್ಡಕರ ಮನೆ ಗೃಹಪ್ರವೇಶ ಅಂತ ಶಿರಸಿಗೆ ಹೋದೆವು. ಎರಡೇ ದಿನ. ಎಂಟು ವರ್ಷದಿಂದ ಇರುವ ಹಿರಿಯ ಸಪ್ಲೈಯರ್ ಒಬ್ಬ ಇದ್ದಾನೆ, ಅವನ ಕೈಗೆ ಬೀಗದ ಕೈ ಕೊಟ್ಟು ಹೋಗಿದ್ದೆ. ಮೊದಲ ದಿನ ಮಧ್ಯಾಹ್ನದೊಳಗೆ 23 ಫೋನ್ ಬಂದವು. ಹೊಸ ಬೇಳೆ ಚೀಲ ಬಿಚ್ಚಲಾ? ಗ್ಯಾಸ್ ಬಂದಿದೆ, ಎಷ್ಟು ಸಿಲಿಂಡರ್ ಇಳಿಸಿಕೊಳ್ಳಲಿ? ಕ್ಲೀನರ್ ಹುಡುಗ ಮನೆಗೆ ಹೋಗ್ತೀನಿ ಅಂತಾನೆ, ಕಳಿಸಲಾ? ಸಾಗರ ದಾಟಿ ಸಿದ್ದಾಪುರದ ಕಡೆ ಹೋಗುವಾಗ ಸುಮಾರು ಹೊತ್ತು ಸಿಗ್ನಲ್ ಇರಲಿಲ್ಲ. ಅದೇ ಹೊತ್ತಿಗೆ ಯಾರೋ ಮದುವೆ ದಿಬ್ಬಣದ ಬಸ್ಸಿನವರು ಬಂದು 40 ಪ್ಲೇಟ್ ಇಡ್ಲಿ-ವಡೆ ಪಾರ್ಸಲ್ ಕೇಳಿದ್ದಾರೆ. ನಮ್ಮ ಹುಡುಗ ನನ್ನ ಫೋನಿಗೆ ಟ್ರೈ ಮಾಡುತ್ತಾ ನಿಂತಿದ್ದಾನೆ. ಕಾದು ಕಾದು ಅವರು ಪಕ್ಕದ ಹೋಟೆಲಿಗೆ ಹೋದರು. ಇಡ್ಲಿ ನಮ್ಮಲ್ಲಿ ಬೇಕಾದಷ್ಟಿತ್ತು.

ವಾಪಸ್ ಬಂದವನೇ ಅವನಿಗೆ ಎಲ್ಲರೆದುರು ಬೈದೆ. ಅವನು ಜಗಳ ಆಡಲಿಲ್ಲ. ಬೀಗದ ಕೈ ಗಲ್ಲಾ ಮೇಲಿಟ್ಟು, "ಅಣ್ಣಾ, ಕೇಳದೆ ಏನೂ ಮಾಡಬೇಡ ಅಂತ ನೀವೇ ಹೇಳಿದ್ರಲ್ಲಾ" ಅಂದು ಒಳಗೆ ಹೋದ. ಆ ಮಾತು ಹದಿನೈದು ದಿನದಿಂದ ಮನಸ್ಸಿನಲ್ಲೇ ಕೂತಿದೆ. ಅವನು ಹೇಳಿದ್ದು ನಿಜ. ನಾನು ಬೀಗದ ಕೈ ಕೊಟ್ಟಿದ್ದೆ, ಬೇರೆ ಏನೂ ಕೊಟ್ಟಿರಲಿಲ್ಲ.

ನನಗೀಗ 46. ಬಿಪಿ ಮಾತ್ರೆ ಶುರುವಾಗಿದೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಅವಳ ಜೊತೆ ಕೂತು ಊಟ ಮಾಡಿ ಯಾವ ಕಾಲ ಆಯ್ತೋ. ಹೋಟೆಲ್, ಅಂಗಡಿ, ವರ್ಕ್‌ಶಾಪ್ ಯಾವುದೇ ಇರಲಿ, ಇದನ್ನು ದಾಟಿ ಬಂದವರು ಹೇಳಿ. ಮೊದಲು ಏನನ್ನು ಬಿಡಬೇಕು? ದುಡ್ಡಿನ ವಿಷಯದಲ್ಲಿ ಎಷ್ಟರವರೆಗೆ? ಇನ್ನೊಂದು, ನಮ್ಮ ಸಾಂಬಾರ್ ಪುಡಿ ಇವತ್ತಿಗೂ ಮನೆಯಲ್ಲಿ ಹೆಂಡತಿ ಕೈಯಲ್ಲೇ ಆಗುವುದು. ಅದನ್ನೂ ಬಿಡಬೇಕಾ?

ಪೀಣ್ಯ ಎರಡನೇ ಹಂತ

ಸರ್, ನಿಮ್ಮ ಹುಡುಗ ಹೇಳಿದ ಮಾತಿನಲ್ಲೇ ಉತ್ತರ ಇದೆ. ನಾವು ಕೆಲಸ ಹಂಚುತ್ತೇವೆ, ತೀರ್ಮಾನ ಹಂಚುವುದಿಲ್ಲ.

ನನ್ನದು ಮೂರು ಸಿಎನ್‌ಸಿ, ಒಂದು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಲೋಹ ಕತ್ತರಿಸುವ ಮಿಷಿನ್‌ಗಳು) ಇರುವ ಸಣ್ಣ ಯೂನಿಟ್, ಒಂಬತ್ತು ಜನ. ಜಾಬ್ ವರ್ಕ್ ಮಾಡುತ್ತೇವೆ. ನಮ್ಮಲ್ಲಿ ಹೊಸ ಜಾಬ್ ಹಾಕಿದಾಗ ಮೊದಲ ಪೀಸ್ ತೆಗೆದು ಅಳತೆ ನೋಡಿ ಓಕೆ ಮಾಡಬೇಕು, ಆಮೇಲೆ ಮಿಷಿನ್ ಓಡಿಸುವುದು. ಆ ಓಕೆ ಮೊದಲು ನನ್ನೊಬ್ಬನದೇ. ನಾನು ಬ್ಯಾಂಕಿಗೆ ಹೋಗಿದ್ದರೆ ಮಿಷಿನ್ ಸುಮ್ನೆ ನಿಂತಿರುತ್ತಿತ್ತು. ಕೊನೆಗೆ ಮಿಷಿನ್ ಸೆಟ್ ಮಾಡುವ ನಮ್ಮ ಸೆಟ್ಟರ್‌ಗೆ ಮೈಕ್ರೋಮೀಟರ್, ಗೇಜು, ಡ್ರಾಯಿಂಗ್ ಎಲ್ಲ ಕೈಗೆ ಕೊಟ್ಟು, ಅಳತೆ ಬರೆದು ನೀವೇ ಸಹಿ ಹಾಕಿ ಓಡಿಸಿ ಅಂದೆ. ಹೊಸ ಕಸ್ಟಮರ್ ಜಾಬ್ ಆದರೆ ಮಾತ್ರ ನನಗೆ ತೋರಿಸಿ ಅಂತ ಹೇಳಿದ್ದೆ.

ಆರು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ಕಸ್ಟಮರ್ ಕಡೆಯವರು ಬಂದು ಕೂತಿದ್ದಾಗ ಇವರು ಬಂದು "ಸರ್, ಬೋರ್ ಸೈಜ್ ಹಿಡೀತಿಲ್ಲ, ಮಿಷಿನ್ ನಿಲ್ಲಿಸಿದ್ದೀನಿ, ಎರಡು ದಿನ ಲೇಟ್ ಆಗುತ್ತೆ" ಅಂದರು. ಕಸ್ಟಮರ್ ಎದುರಲ್ಲಿ ನನಗೆ ಸಿಟ್ಟು ಬಂತು, "ಯಾರನ್ನ ಕೇಳಿ ನಿಲ್ಲಿಸಿದ್ರಿ" ಅಂತ ಕೂಗಿದೆ. ಅಷ್ಟೇ ಆಗಿದ್ದು. ಆಮೇಲೆ ಮೂರು ತಿಂಗಳು ಫ್ಲೋರ್‌ನಿಂದ ಒಂದೇ ಒಂದು ಕೆಟ್ಟ ಸುದ್ದಿ ಬರಲಿಲ್ಲ. ಎಲ್ಲ ಚೆನ್ನಾಗಿದೆ ಅಂತ ನಾನು ಖುಷಿಯಲ್ಲಿದ್ದೆ. ಆಮೇಲೆ ಒಂದೇ ಲಾಟ್‌ನಲ್ಲಿ 400 ಪೀಸ್ ರಿಜೆಕ್ಟ್ ಆಗಿ ವಾಪಸ್ ಬಂತು. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆದದ್ದು ಆಪರೇಟರ್‌ಗೆ ಗೊತ್ತಿತ್ತು, ಸೆಟ್ಟರ್‌ಗೂ ಗೊತ್ತಿತ್ತು. ಮಿಷಿನ್ ನಿಲ್ಲಿಸಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಇಲ್ಲೇ ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೊಟದವರ ಕಾರ್ಖಾನೆ ಇದೆ. ಟೊಯೊಟ ಪದ್ಧತಿಯಲ್ಲಿ ಲೈನಿನಲ್ಲಿ ನಿಂತ ಯಾವ ಕೆಲಸಗಾರ ಬೇಕಾದರೂ ತೊಂದರೆ ಕಂಡ ತಕ್ಷಣ ಸೂಚನೆ ಕೊಡಬಹುದು, ಆಂಡನ್ ಅಂತಾರೆ ಅದಕ್ಕೆ. ಟೀಮ್ ಲೀಡರ್ ಓಡಿ ಬರಬೇಕು, ಆಗಲೂ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಅಷ್ಟು ದೊಡ್ಡ ಕಂಪನಿ ಅಷ್ಟು ದೊಡ್ಡ ಲೈನ್ ನಿಲ್ಲಿಸುವ ಹಕ್ಕನ್ನು ಕೆಲಸಗಾರನ ಕೈಗೆ ಕೊಡುತ್ತೆ. ನಾನು ಒಂದು ಸಿಎನ್‌ಸಿ ನಿಲ್ಲಿಸುವ ಹಕ್ಕು ಕೊಟ್ಟು ವಾಪಸ್ ಕಿತ್ತುಕೊಂಡೆ. ಸೆಟ್ಟರ್ ಹತ್ತಿರ ಎಲ್ಲರೆದುರೇ ತಪ್ಪಾಯಿತು ಅಂದೆ, ಬೈದದ್ದು ಎಲ್ಲರೆದುರು ಅಲ್ವಾ. ನೀವೂ ಮೊದಲು ಅದನ್ನು ಮಾಡಿ ಸರ್. ಉಳಿದದ್ದೆಲ್ಲ ಆಮೇಲೆ.

ಧಾರವಾಡದ ಟೇಲರ್ ಅಕ್ಕ

ಅಣ್ಣಾ, ನಂದು ಲೇಡೀಸ್ ಟೇಲರಿಂಗ್. ಇಬ್ಬರು ಮಾಸ್ಟರ್, ಆರು ಜನ ಹೆಣ್ಣುಮಕ್ಕಳು ಹೊಲಿಗೆಗೆ. ನನ್ನ ತೊಂದರೆ ಬೇರೆ ಥರದ್ದಿತ್ತು. ನಾನು ಬಿಡಲು ತಯಾರಿದ್ದೆ, ಗಿರಾಕಿಗಳು ಬಿಡುತ್ತಿರಲಿಲ್ಲ. "ಅಕ್ಕಾ, ಅಳತಿ ನೀವ ತಗೋರಿ" ಅಂತ ಗಂಟೆಗಟ್ಟಲೆ ಕಾಯುತ್ತಿದ್ದರು. ನಾನೂ ಅದಕ್ಕೆ ಒಳಗೊಳಗೆ ಖುಷಿಪಡುತ್ತಿದ್ದೆ. ಹಬ್ಬ, ಮದುವೆ ಸೀಸನ್ ಬಂದರೆ ರಾತ್ರಿ ಒಂದರವರೆಗೆ ಕಟಿಂಗ್ ಟೇಬಲ್ ಮುಂದೆ ನಿಂತು ಕಾಲು ಬಾತುಕೊಳ್ಳುತ್ತಿತ್ತು.

ಆಮೇಲೆ ಹೀಗೆ ಮಾಡಿದೆ. ಗಿರಾಕಿ ಬಂದಾಗ ನಾನು ಎದ್ದು ನಿಂತು, "ಇವರು ನಮ್ಮ ಮಾಸ್ಟರ್, ಇನ್ನು ಮ್ಯಾಲೆ ಬ್ಲೌಸ್ ಎಲ್ಲಾ ಇವರದೇ ಕಟಿಂಗ್" ಅಂತ ಅವರೆದುರೇ ಹೇಳುವುದು. ಟೇಪ್ ಅವರ ಕೈಗೆ ಕೊಟ್ಟು ನಾನು ಅಳತೆ ಪುಸ್ತಕದಲ್ಲಿ ಬರೆಯುವುದು. ಗಿರಾಕಿ ಎದುರು ಬಾಯಿ ಹಾಕುವುದಿಲ್ಲ, ತೋಳಿನ ಅಳತೆ ಸ್ವಲ್ಪ ಬಿಗಿ ಅನ್ನಿಸಿದರೂ ಅವರು ಹೋದ ಮೇಲೆ ಕೇಳುವುದು. ಮೂರು ತಿಂಗಳಾದ ಮೇಲೆ ಜನ ಮಾಸ್ಟರ್ ಎಲ್ಲಿ ಅಂತ ಕೇಳಿಕೊಂಡು ಬರಲು ಶುರು ಮಾಡಿದರು.

ಹಾಳಾದದ್ದೂ ಇದೆ, ಮುಚ್ಚಿಡುವುದಿಲ್ಲ. ಒಂದು ರೇಷ್ಮೆ ಬ್ಲೌಸ್ ಪೀಸ್ ತಪ್ಪು ಕಟ್ ಆಯಿತು. ಸೀರೆಯಲ್ಲೇ ಬಂದ ಪೀಸು, ಎಲ್ಲೂ ಸಿಗುವುದಿಲ್ಲ. ಆವತ್ತು ನಾನೇ ಗಿರಾಕಿ ಮನೆಗೆ ಹೋಗಿ ಕ್ಷಮೆ ಕೇಳಿ, ಮ್ಯಾಚಿಂಗ್ ಬಟ್ಟೆ ಕೊಡಿಸಿ ಹೊಲಿದುಕೊಟ್ಟೆ. ಮಾಸ್ಟರ್ ಸಂಬಳದಲ್ಲಿ ಹಿಡಿಯಲಿಲ್ಲ. ಹಿಡಿದಿದ್ದರೆ ಮರುದಿನದಿಂದ ಪ್ರತಿಯೊಂದು ಬಟ್ಟೆಗೂ "ಅಕ್ಕಾ ಒಮ್ಮೆ ನೋಡ್ರಿ" ಅಂತ ನನ್ನ ಹತ್ತಿರವೇ ತರುತ್ತಿದ್ದರು, ಬಿಟ್ಟದ್ದೆಲ್ಲ ವಾಪಸ್ ನನ್ನ ಟೇಬಲ್ಲಿಗೇ ಬರುತ್ತಿತ್ತು. ಆಮೇಲೆ ನಾವಿಬ್ಬರೂ ಕೂತು ಒಂದು ನಿಯಮ ಮಾಡಿಕೊಂಡೆವು. ರೇಷ್ಮೆ ಆದರೆ ಮೊದಲು ಲೈನಿಂಗ್ ಬಟ್ಟೆ ಕಟ್ ಮಾಡಿ ಅಳತೆ ಸರಿ ನೋಡಿಕೊಂಡು ಆಮೇಲೆ ರೇಷ್ಮೆಗೆ ಕತ್ತರಿ. ಈ ಮಾತು ಹೇಳಿದ್ದು ಮಾಸ್ಟರೇ.

ಹಾಸನದ ಬೇಕರಿ

ಎಲ್ಲರೂ ಬಿಡಿ ಬಿಡಿ ಅಂತೀರಿ, ನನ್ನ ಅನುಭವ ಕಹಿ, ಅದನ್ನೂ ಕೇಳಿ. ನಮ್ಮ ಕಡೆಯಿಂದ ಎಷ್ಟೋ ಜನ ಬೆಂಗಳೂರಿಗೆ ಹೋಗಿ ಬೇಕರಿ ಇಟ್ಟಿದ್ದಾರೆ, ನಾನೂ ಹಾಗೇ ಹೋದವನು. ಎರಡನೇ ಅಂಗಡಿ ಶುರು ಮಾಡಿದಾಗ ಊರಿನವನೇ, ಗೊತ್ತಿರುವ ಮನೆಯವನೇ ಅಂತ ಒಬ್ಬನಿಗೆ ಪೂರ್ತಿ ಬಿಟ್ಟೆ. ಮೈದಾ, ಸಕ್ಕರೆ, ಡಾಲ್ಡಾ ಆರ್ಡರ್ ಮಾಡುವವನು ಅವನೇ, ಇಳಿಸಿಕೊಳ್ಳುವವನು ಅವನೇ, ದುಡ್ಡು ಕೊಡುವವನೂ ಅವನೇ. ಒಂದೂವರೆ ವರ್ಷದ ಮೇಲೆ ಗೊತ್ತಾಯಿತು, ಬಿಲ್ಲಿನಲ್ಲಿ ಇದ್ದ ಚೀಲ ಬೇರೆ, ಇಳಿದ ಚೀಲ ಬೇರೆ. ಅಂಗಡಿ ಮುಚ್ಚಿ ವಾಪಸ್ ಹಾಸನಕ್ಕೆ ಬಂದೆ. ಈಗ ಒಂದೇ ಅಂಗಡಿ, ಗಲ್ಲಾದಲ್ಲಿ ನಾನೇ ಕೂರುತ್ತೇನೆ. ನೆಮ್ಮದಿಯಾಗಿದ್ದೇನೆ. ನಂಬಿ ಎಂದು ಹೇಳುವವರು ನಷ್ಟ ತುಂಬಿಕೊಡುವುದಿಲ್ಲ.

ಲೆಕ್ಕದ ಪುಸ್ತಕ, ಮೈಸೂರು

ಹಾಸನದ ಸರ್, ನಿಮಗಾದದ್ದು ಓದಿ ಬೇಸರವಾಯಿತು. ಆದರೆ ನಂಬಿದ್ದು ತಪ್ಪಲ್ಲ ಅನ್ನಿಸುತ್ತದೆ ನನಗೆ. ಆರ್ಡರ್ ಮಾಡುವ ಕೈ, ಎಣಿಸಿ ಇಳಿಸಿಕೊಳ್ಳುವ ಕೈ, ದುಡ್ಡು ಕೊಡುವ ಕೈ, ಮೂರೂ ಒಂದೇ ಆಗಿತ್ತು, ತೊಂದರೆ ಆದದ್ದು ಅಲ್ಲಿ. 20 ವರ್ಷದಿಂದ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತಿದ್ದೇನೆ. ಮೋಸ ಆದ ಕಡೆಯಲ್ಲೆಲ್ಲ ನಾನು ಕಂಡದ್ದು ಇದನ್ನೇ. ಮೂರರಲ್ಲಿ ಒಂದು ಕೈ ಬೇರೆಯಾದರೂ ಸಾಕು, ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ. ಅದು ಒಳ್ಳೆಯ ಕೆಲಸಗಾರನಿಗೂ ರಕ್ಷಣೆ. ನಾಳೆ ಚೀಲ ಕಡಿಮೆ ಬಂದರೆ ಯಾರೂ ಅವನತ್ತ ಬೆರಳು ತೋರಿಸುವಂತಿಲ್ಲ.

ಶಿವಮೊಗ್ಗದ ಸರ್, ದುಡ್ಡಿನ ಬಗ್ಗೆ ಕೇಳಿದ್ದೀರಿ. ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಊರಿಗೆ ಹೋಗುವುದು, ಯುಪಿಐ ಪಿನ್ ಹೇಳಿಕೊಡುವುದು, ಇವೆರಡು ಮಾತ್ರ ಬೇಡವೇ ಬೇಡ. ತುಂಬಾ ಜನ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ದಿನದ ಸಣ್ಣ ಖರ್ಚಿಗೆ ಬೇರೆ ಡಬ್ಬಿಯಲ್ಲಿ ನಿಗದಿತ ದುಡ್ಡು ಇಡಿ. ಖರ್ಚಾದ ಚೀಟಿ ಮತ್ತು ಉಳಿದ ದುಡ್ಡು ಸೇರಿಸಿದರೆ ಯಾವಾಗಲೂ ಅದೇ ಮೊತ್ತ ಬರಬೇಕು. ಫೋನಿನಲ್ಲಿ ಕೊಡುವುದಕ್ಕೆ 2024ರಲ್ಲಿ ಯುಪಿಐ ಸರ್ಕಲ್ ಅಂತ ಬಂದಿದೆ. ನಿಮ್ಮ ಖಾತೆಯಿಂದ ಇನ್ನೊಬ್ಬರು ಅವರ ಫೋನಿನಲ್ಲೇ ಪಾವತಿ ಮಾಡಬಹುದು. ಪೂರ್ತಿ ಅಧಿಕಾರ ಕೊಟ್ಟರೆ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಅಥವಾ ಅವರು ಕೇಳಿದಾಗಲೆಲ್ಲ ನೀವು ಪಿನ್ ಹಾಕಿ ಒಪ್ಪುವ ಹಾಗೂ ಇಟ್ಟುಕೊಳ್ಳಬಹುದು. ಇದನ್ನು ಮನೆಯವರಿಗೆ, ತೀರಾ ನಂಬಿಕಸ್ತರಿಗೆ ಮಾತ್ರ ಕೊಡಿ. ಎಷ್ಟು ಹೋಯಿತು ಅಂತ ನಿಮ್ಮ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ.

ವ್ಯಾಪಾರದಲ್ಲಿ ಸರಕು ಕಳಿಸುವವರು ಯಾರಾದರೂ ಓದುತ್ತಿದ್ದರೆ ನಿಮಗೊಂದು ಮಾತು. ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಪೋರ್ಟಲ್‌ನಲ್ಲಿ ಕೆಲಸದವರಿಗೆ ಬೇರೆ ಸಬ್ ಯೂಸರ್ ಲಾಗಿನ್ ಮಾಡಿಕೊಡಬಹುದು. ನಿಮ್ಮ ಪಾಸ್‌ವರ್ಡ್ ಗೋಡೆ ಮೇಲೆ ಬರೆದಿಡಬೇಕಾಗಿಲ್ಲ.

ಇನ್ನೊಂದು ಸರ್. 14 ಜನ ಅಂದಿರಿ. 10 ಜನ ಅಥವಾ ಹೆಚ್ಚು ಇದ್ದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಬರುತ್ತದೆ, 21,000 ರೂಪಾಯಿವರೆಗೆ ಸಂಬಳ ಇರುವವರಿಗೆ. ಅವರ ಪಾಲು ಶೇ 0.75, ನಿಮ್ಮ ಪಾಲು ಶೇ 3.25. ಮಾಡಿಸಿದ್ದೀರಾ? ಜವಾಬ್ದಾರಿ ಹೊರಿಸುವ ಮೊದಲು ಅವರಿಗೆ ಹುಷಾರಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಇತ್ಯರ್ಥವಾಗಿರಬೇಕು ಅಲ್ವಾ.

ತುಂಗಾತೀರ, ಶಿವಮೊಗ್ಗ

ಇಎಸ್‌ಐ ಮಾಡಿಸಿದ್ದೇನೆ ಸರ್, ಹೋದ ವರ್ಷ ಭಟ್ಟರ ಕೈ ಸುಟ್ಟಾಗ ಬಹಳ ಉಪಯೋಗಕ್ಕೆ ಬಂತು. ಡಬ್ಬಿ ಲೆಕ್ಕ ಇಷ್ಟವಾಯಿತು.

ಕೌಂಟರ್ ಈಚೆಯವನು

ಇಲ್ಲಿ ಎಲ್ಲರೂ ಮಾಲೀಕರೇ ಬರೆಯುತ್ತಿದ್ದೀರಿ. ನಾನು ಕೆಲಸಗಾರ. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ 9 ವರ್ಷದಿಂದ ಇದ್ದೇನೆ. ಹೆಸರಿಗೆ ಮ್ಯಾನೇಜರ್. ಊರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮಾಲೀಕರು ಒಳ್ಳೆಯವರು, ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ, ನನ್ನ ತಂಗಿ ಮದುವೆಗೆ ಸಾಲ ಕೊಟ್ಟಿದ್ದಾರೆ. ಆದರೆ ಎರಡು ಸಾವಿರದ ಸಾಮಾನು ತಗೊಂಡ ಗಿರಾಕಿ 50 ರೂಪಾಯಿ ಬಿಡಿ ಅಂದರೆ ನಾನು ಫೋನ್ ಮಾಡಬೇಕು. ಗಿರಾಕಿ ಎದುರಿಗೇ ನಿಂತಿರುತ್ತಾರೆ, ಅವರು ಫೋನ್ ಎತ್ತುವುದಿಲ್ಲ. 9 ವರ್ಷದಿಂದ ಯಾವ ಸಾಮಾನಿಗೆ ಎಷ್ಟು ಮಾರ್ಜಿನ್ ಅಂತ ನನಗೆ ಬಾಯಿಪಾಠ. ಆದರೂ 50 ರೂಪಾಯಿಗೆ ನಾನು ಚಿಕ್ಕ ಹುಡುಗನ ಹಾಗೆ ನಿಲ್ಲಬೇಕು. ಆಗ ಆಗುವ ಅವಮಾನ ಅವರಿಗೆ ಗೊತ್ತಿಲ್ಲ ಅಂದುಕೊಳ್ಳುತ್ತೇನೆ.

ಈಗ ಸಿಸಿಟಿವಿ ಹಾಕಿಸಿದ್ದಾರೆ, ಮೊಬೈಲಿನಲ್ಲಿ ಕಾಣುತ್ತೆ. ಮನೆಯಲ್ಲಿ ಕೂತು ಫೋನ್ ಮಾಡುತ್ತಾರೆ, ಆ ಹುಡುಗ ಯಾಕೆ ಸುಮ್ನೆ ನಿಂತಿದ್ದಾನೆ, ನೀನು ಯಾರ ಜೊತೆ ಮಾತಾಡ್ತಿದ್ದೆ ಅಂತ. ಕಳ್ಳತನಕ್ಕೆ ಕ್ಯಾಮೆರಾ ಬೇಕು, ಒಪ್ಪುತ್ತೇನೆ. ಆದರೆ ಅಂಗಡಿ ಬಿಟ್ಟು ಹೋದ ಮೇಲೂ ಫೋನಿನೊಳಗೆ ಅಂಗಡಿಯಲ್ಲೇ ಕೂತಿದ್ದರೆ ಬಿಟ್ಟು ಹೋದ ಹಾಗಾಯಿತಾ? ಅವರಿಗೂ ನೆಮ್ಮದಿ ಇಲ್ಲ, ನಮಗೂ ಇಲ್ಲ.

ಇನ್ನು ಸಂಬಳ. ಜವಾಬ್ದಾರಿ ಕೊಡುವಾಗ "ನಿನ್ನದೇ ಅಂಗಡಿ ಅಂದ್ಕೋ" ಅಂತಾರೆ. ತಿಂಗಳ ಕೊನೆಗೆ ಅದು ನನ್ನದಲ್ಲ. ಬೀಗದ ಕೈ ಕೊಟ್ಟ ದಿನವೇ ಸಂಬಳ ಎಷ್ಟು ಜಾಸ್ತಿ ಅಂತ ಹೇಳಿಬಿಡಿ. ಸಾವಿರವೋ ಎರಡು ಸಾವಿರವೋ, ಬಾಯಿ ಬಿಟ್ಟು ಹೇಳಿ. ನಾವಾಗಿ ಕೇಳುವ ಹಾಗೆ ಮಾಡಬೇಡಿ. ವಾರದ ರಜೆಯೂ ಅಷ್ಟೇ. ವಾರಕ್ಕೊಂದು ದಿನ ರಜೆ ಕಾನೂನಿನಲ್ಲೇ ಇದೆ, ಆದರೂ ಜವಾಬ್ದಾರಿ ಇರುವವನಿಗೆ ಮೊದಲು ತಪ್ಪುವುದು ಅದೇ.

ಕೆಲಸದವರ ಕೈಯಲ್ಲಿ ಆಗುತ್ತಾ ಅನ್ನುವ ಅನುಮಾನ ಇರುವವರು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ಗೆ ಒಂದು ಸಲ ಹೋಗಿ ಕೂತುಕೊಳ್ಳಿ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚುತ್ತಾ ಬಂದಾಗ ಕೆಲಸ ಕಳೆದುಕೊಂಡವರು 1957ರಲ್ಲಿ ಬೆಂಗಳೂರಿನಲ್ಲೇ ಸಹಕಾರ ಸಂಘ ಕಟ್ಟಿಕೊಂಡರು. ಎಂ.ಜಿ. ರಸ್ತೆಯ ಜಾಗ 2009ರಲ್ಲಿ ಬಿಡಬೇಕಾಗಿ ಬಂದಾಗಲೂ ನಿಲ್ಲಿಸಲಿಲ್ಲ, ಚರ್ಚ್ ಸ್ಟ್ರೀಟಿನಲ್ಲಿ ಮುಂದುವರಿಸಿದರು. ಕಾಫಿ ತಂದುಕೊಡುವವರೇ ಸಂಘದ ಸದಸ್ಯರು.

ಹಾಸನದ ಬೇಕರಿ

ತಮ್ಮಾ, ನಿನ್ನ ಮಾತು ಓದಿ ಸುಮಾರು ಹೊತ್ತು ಯೋಚನೆ ಮಾಡಿದೆ. ನನ್ನ ಹತ್ತಿರ ಈಗ ಇರುವ ಹುಡುಗ ಆರು ವರ್ಷದಿಂದ ಇದ್ದಾನೆ. ಬೇರೆ ಯಾರೋ ಮಾಡಿದ ತಪ್ಪಿಗೆ ಇವನನ್ನು ಗಲ್ಲಾ ಹತ್ತಿರ ಸೇರಿಸಿಲ್ಲ. ಮೈಸೂರಿನ ಸರ್ ಹೇಳಿದ ಮೂರು ಕೈ ವಿಷಯವೂ ನಿಜ. ಆವತ್ತು ಯಾರೂ ನನಗೆ ಅದನ್ನು ಹೇಳಿರಲಿಲ್ಲ.

ಮುಂಬೈ ಗಲ್ಲಾ

ನಾನೀಗ ಕುಂದಾಪುರದಲ್ಲಿದ್ದೇನೆ, ನಿವೃತ್ತ. ಮುಂಬೈಯ ಉಡುಪಿ ಹೋಟೆಲ್‌ಗಳಲ್ಲಿ 34 ವರ್ಷ ಕಳೆದವನು. ಊರಿಂದ ಬರಿಗೈಯಲ್ಲಿ ಹೋಗಿ ಕ್ಲೀನರ್ ಆಗಿ ಸೇರಿದೆ. ಹಗಲು ಕಪ್ಪು-ಬಸಿ ತೊಳೆದು ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದೆ, ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರು ಹಾಗೇ ಓದಿದ್ದು. ಆಮೇಲೆ ಮಾಣಿ, ಆಮೇಲೆ ಕಾಫಿ ಕೌಂಟರ್, ಸ್ಟೋರ್, ಗಲ್ಲಾ, ಕೊನೆಗೆ ಮ್ಯಾನೇಜರ್.

ನಮ್ಮ ಧಣಿಗಳು ಓದಿದವರಲ್ಲ, ಆದರೆ ಬಿಡುವ ಕ್ರಮ ಅವರಿಗೆ ಗೊತ್ತಿತ್ತು. ಗಲ್ಲಾ ಮೊದಲು ಕೊಡುತ್ತಿರಲಿಲ್ಲ. ಕಾಫಿ-ಟೀ ಕೌಂಟರ್ ಮೊದಲು. ಯಾಕೆಂದರೆ ಅಲ್ಲಿ ಹಾಲು, ಪುಡಿ, ಸಕ್ಕರೆ ಮೂರೇ ಸಾಮಾನು. ಎಷ್ಟು ಲೀಟರ್ ಹಾಲಿಗೆ ಎಷ್ಟು ಕಪ್ ಹೋಗಬೇಕು ಅಂತ ಲೆಕ್ಕ ಇದೆ, ಸಂಜೆ ನೋಡಿದರೆ ಗೊತ್ತಾಗುತ್ತದೆ. ಡಿಕಾಕ್ಷನ್ ಎಷ್ಟು ಇಳಿಸಬೇಕು, ಹಾಲು ಇನ್ನೂ ತರಿಸಬೇಕಾ ಅನ್ನುವುದೆಲ್ಲ ಆ ಹುಡುಗನದೇ ತೀರ್ಮಾನ. ಹಾಲು ಉಳಿದರೆ ಧಣಿ ಬೈಯುತ್ತಿರಲಿಲ್ಲ, "ನಾಳೆ ಎಷ್ಟು ತರಿಸ್ತಿ?" ಅಂತ ಮಾತ್ರ ಕೇಳುತ್ತಿದ್ದರು. ಅದೊಂದು ಪ್ರಶ್ನೆಯಲ್ಲಿ ನಾನು ಕಲಿತದ್ದು ಬಹಳ. ಇಂದು ಗುರುವಾರ, ನಾಳೆ ಮಳೆ ಬಂದರೆ ಕಾಫಿ ಜಾಸ್ತಿ, ತಿಂಗಳ ಕೊನೆ ಆದರೆ ಊಟ ಕಡಿಮೆ ತಿಂಡಿ ಜಾಸ್ತಿ, ಇವೆಲ್ಲ ಹಾಗೆ ತಲೆಗೆ ಹೋಯಿತು.

ಅದು ಸರಿಹೋದ ಮೇಲೆ ಸ್ಟೋರ್. ಸ್ಟೋರ್‌ಗೆ ಇಂಡೆಂಟ್ ಪುಸ್ತಕ ಇಡಿ. ಭಟ್ಟರು ರಾತ್ರಿಯೇ ನಾಳೆಗೆ ಏನೇನು ಬೇಕು ಅಂತ ಬರೆಸಬೇಕು, ಸ್ಟೋರಿನವನು ತೂಗಿ ಕೊಟ್ಟು ಗುರುತು ಹಾಕಬೇಕು. ನೀವು ವಾರಕ್ಕೆ ಒಂದು ಸಲ ಎಣಿಸಿ. ಬೇಳೆ ಚೀಲ, ಎಣ್ಣೆ ಟಿನ್, ಸಿಲಿಂಡರ್, ಕಾಫಿಪುಡಿ ಇಷ್ಟು ಎಣಿಸಿದರೆ ಸಾಕು, ಸಾಸಿವೆ ಜೀರಿಗೆ ಎಣಿಸುತ್ತಾ ಕೂರಬೇಡಿ. ಗಲ್ಲಾ ಎಲ್ಲಕ್ಕಿಂತ ಕೊನೆಗೆ.

ಸಾಂಬಾರ್ ಪುಡಿ ಬಗ್ಗೆ. ಅಮ್ಮನವರಿಗೆ ಮಾಡಲು ಶಕ್ತಿ ಇರುವವರೆಗೆ ಮನೆಯಲ್ಲೇ ಆಗಲಿ, ತಪ್ಪಿಲ್ಲ. ಆದರೆ ಡಬ್ಬಿಯಲ್ಲಿ ಕಳಿಸಬೇಡಿ. ಒಂದು ಪಾತ್ರೆ ಸಾಂಬಾರಿಗೆ ಎಷ್ಟು ಬೇಕೋ ಅಷ್ಟನ್ನು ತೂಗಿ ಪ್ಯಾಕೆಟ್ ಕಟ್ಟಿ ಕಳಿಸಿ. ನೀವು ಇರಲಿ ಬಿಡಲಿ ರುಚಿ ಒಂದೇ ಬರುತ್ತದೆ, ಭಟ್ಟರೂ ಪ್ರತಿ ಸಲ "ಇಷ್ಟು ಸಾಕಾ" ಅಂತ ನಿಮ್ಮನ್ನು ಹುಡುಕುವುದಿಲ್ಲ.

ಇನ್ನೊಂದು ಎಚ್ಚರ. ಮುಂಬೈಯಲ್ಲಿ ದಣಿದ ಮಾಲೀಕರು ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಡುತ್ತಾರೆ. ಅಂದರೆ ಇನ್ನೊಬ್ಬರು ನಡೆಸುತ್ತಾರೆ, ಇವರಿಗೆ ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ಕೆಲವರಿಗೆ ಅದು ಸರಿಹೋಗಿದೆ. ಆದರೆ ಕಂಡಕ್ಟಿಂಗ್ ಬೇರೆ, ಜವಾಬ್ದಾರಿ ಬಿಡುವುದು ಬೇರೆ. ಸಾಕಾಗಿದೆ ಅಂತ ಒಂದೇ ದಿನ ಎಲ್ಲ ಕೈಬಿಟ್ಟು ಹೋಗಬೇಡಿ ಮಾರಾಯ್ರೆ. ನಿಧಾನ ಮಾಡಿ.

ಪೀಣ್ಯ ಎರಡನೇ ಹಂತ

"ನಾಳೆ ಎಷ್ಟು ತರಿಸ್ತಿ?" ಈ ಪ್ರಶ್ನೆಗೆ ನಮಸ್ಕಾರ ಸರ್. ನಮ್ಮವರು ಏನಾದರೂ ಕೇಳಿಕೊಂಡು ಬಂದರೆ ನಾನು ತಕ್ಷಣ ಉತ್ತರ ಕೊಟ್ಟುಬಿಡುತ್ತಿದ್ದೆ. ಈಗ "ನಿಮಗೇನು ಅನ್ನಿಸುತ್ತೆ?" ಅಂತ ಮೊದಲು ಕೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಸರಿಯಾದ ಉತ್ತರ ಅವರ ಹತ್ತಿರವೇ ಇರುತ್ತದೆ. ಮೊದಮೊದಲು ತಡ ಆಗುತ್ತೆ, ನನಗೆ ಗೊತ್ತಿರುವುದನ್ನು ಹೇಳದೆ ಕಾಯುವುದು ಕಷ್ಟ ಆಗುತ್ತೆ. ಆದರೂ ಕಾಯಬೇಕು.

ಧಾರವಾಡದ ಟೇಲರ್ ಅಕ್ಕ

ಅಣ್ಣಾ, ಒಂದು ಮಾತು ಯಾರೂ ಹೇಳಲಿಲ್ಲ. ಸಾಂಬಾರ್ ಪುಡಿ ಬಿಡಬೇಕಾ ಅಂತ ಇಲ್ಲಿ ಕೇಳಿದ್ದೀರಿ. ಮನೆಯಲ್ಲಿ ವೈನಿಯವರನ್ನು ಕೇಳಿದ್ದೀರಾ? 11 ವರ್ಷದಿಂದ ಹುರಿದು ಪುಡಿ ಮಾಡುತ್ತಿರುವವರು ಅವರು. ಅವರೂ ನಿಮ್ಮ ಹೋಟೆಲಿನಲ್ಲಿ ಕೆಲಸ ಮಾಡುವವರೇ. ಸಂಬಳ ಇಲ್ಲ, ರಜೆ ಇಲ್ಲ.

ತುಂಗಾತೀರ, ಶಿವಮೊಗ್ಗ

ಅಕ್ಕಾ, ಕೇಳಿರಲಿಲ್ಲ. ಇವತ್ತು ರಾತ್ರಿ ಕೇಳುತ್ತೇನೆ.

ತುಂಗಾತೀರ, ಶಿವಮೊಗ್ಗ (ಎರಡು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಏನೇನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಮೊದಲು ಪೀಣ್ಯದ ಸರ್ ಹೇಳಿದ್ದು ಮಾಡಿದೆ. ಮಧ್ಯಾಹ್ನ ಊಟ ಮುಗಿದ ಮೇಲೆ ಎಲ್ಲರೂ ಇದ್ದಾಗ ಆ ಹುಡುಗನಿಗೆ, ಆವತ್ತಿನ ತಪ್ಪು ನಂದು, ನಿಂದಲ್ಲ ಅಂದೆ. ಅವನು ತಲೆ ತಗ್ಗಿಸಿ "ಇರಲಿ ಬಿಡಿ ಅಣ್ಣಾ" ಅಂದ. ಭಟ್ಟರು ಸುಮ್ಮನೆ ನನ್ನ ಮುಖ ನೋಡಿದರು.

ಆಮೇಲೆ ಅವನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದೆವು. 60 ಪ್ಲೇಟಿನವರೆಗೆ ಪಾರ್ಸಲ್ ಬಂದರೆ ಭಟ್ಟರನ್ನು ಒಂದು ಮಾತು ಕೇಳಿ ಅವನೇ ಒಪ್ಪಿಕೊಳ್ಳಬಹುದು. ಗಿರಾಕಿಗೆ ತಿಂಡಿ ಸರಿಯಿಲ್ಲ ಅನ್ನಿಸಿದರೆ ಬೇರೆ ಕೊಡುವುದು, ದುಡ್ಡು ತಗೊಳ್ಳದಿರುವುದು ಅವನ ಇಷ್ಟ. ದಿನಕ್ಕೆ 1,500 ರೂಪಾಯಿವರೆಗೆ ಡಬ್ಬಿಯಿಂದ ಖರ್ಚು ಮಾಡಬಹುದು, ಚೀಟಿ ಇಡಬೇಕು. ಒಬ್ಬರಿಗೆ ಒಂದು ದಿನದ ರಜೆ ಕೊಡಬಹುದು. ನನಗೆ ಫೋನ್ ಮಾಡಬೇಕಾದದ್ದು ಮೂರಕ್ಕೆ ಮಾತ್ರ. ಯಾರಿಗಾದರೂ ಪೆಟ್ಟಾದರೆ, ಗ್ಯಾಸ್ ಅಥವಾ ಕರೆಂಟಿನ ತೊಂದರೆ ಆದರೆ, ಅಧಿಕಾರಿಗಳು ಯಾರಾದರೂ ಬಂದರೆ. ಬರೆಯುವಾಗ 60 ಅಂತ ಹೇಳಿದ್ದು ಅವನು, ನಾನು 30 ಅಂತಿದ್ದೆ. "ಬೆಳಿಗ್ಗೆ ಹತ್ತರೊಳಗೆ ಆದರೆ 60 ಆಗುತ್ತೆ ಅಣ್ಣಾ, ಆಮೇಲೆ ಆದರೆ ಹಿಟ್ಟು ಸಾಲಲ್ಲ, 25 ಬರೀರಿ" ಅಂದ. ಅಷ್ಟು ಚೆನ್ನಾಗಿ ಅವನಿಗೆ ಗೊತ್ತಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಸಂಬಳ 3,000 ಜಾಸ್ತಿ ಮಾಡಿದೆ. ಕೌಂಟರ್ ಈಚೆಯ ತಮ್ಮ ಹೇಳಿದ ಹಾಗೆ ಅದೇ ದಿನ, ಅವನು ಕೇಳುವ ಮೊದಲು. ಮಂಗಳವಾರ ಅವನಿಗೆ ರಜೆ. ಆ ದಿನ ಸ್ಟೋರ್ ಇನ್ನೊಬ್ಬ ಹುಡುಗ ನೋಡುತ್ತಾನೆ.

ಎಡವಿದ್ದೂ ಆಯಿತು. ಮೂರನೇ ವಾರ ಚಳಿ ಜಾಸ್ತಿ ಇತ್ತು. ಹಿಟ್ಟು ಹುಳಿ ಬರುವುದಿಲ್ಲ, ಸಂಜೆ ಬೇಗ ರುಬ್ಬಬೇಕು ಅಂತ ನಾನಿದ್ದಿದ್ದರೆ ಹೇಳುತ್ತಿದ್ದೆ. ಆವತ್ತು ನಾನು ಬೇಗ ಮನೆಗೆ ಹೋಗಿದ್ದೆ. ಬೆಳಿಗ್ಗೆ ಇಡ್ಲಿ ಗಟ್ಟಿ ಬಂತು. ಭಟ್ಟರು, ಆ ಹುಡುಗ ಇಬ್ಬರೇ ಮಾತಾಡಿಕೊಂಡು ಎಂಟು ಗಂಟೆವರೆಗೆ ಇಡ್ಲಿ ಕೊಡದೆ ಉಪ್ಪಿಟ್ಟು, ಅವಲಕ್ಕಿ ಹಾಕಿದ್ದಾರೆ. ನಾನು ಏಳೂವರೆಗೆ ಬಂದು ನೋಡಿದಾಗ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ, ಸುಲಭ ಇರಲಿಲ್ಲ. ಸಂಜೆ ಮಾತ್ರ "ಇವತ್ತು ಎಷ್ಟು ಗಂಟೆಗೆ ರುಬ್ತೀರಿ ಭಟ್ಟರೇ?" ಅಂತ ಕೇಳಿದೆ. ನಾಲ್ಕಕ್ಕೇ ಶುರು ಮಾಡ್ತೀವಿ, ಗ್ರೈಂಡರ್ ಪಕ್ಕದ ಕಿಟಕಿ ಮುಚ್ಚಿ ಪಾತ್ರೆಗೆ ಗೋಣಿ ಸುತ್ತುತ್ತೀವಿ ಅಂದರು. ಆಮೇಲೆ ಇಡ್ಲಿ ಸರಿಯಾಗಿ ಬರುತ್ತಿದೆ.

ಗಲ್ಲಾ ಇನ್ನೂ ನನ್ನ ಹತ್ತಿರವೇ ಇದೆ. ಮುಂಬೈಯ ಹಿರಿಯರು ಹೇಳಿದಂತೆ ಕೊನೆಗೆ ಬಿಡೋಣ ಅಂತ. ಈಗ ಸಂಜೆ ನಾಲ್ಕರಿಂದ ಏಳು ಮಾತ್ರ ಹೆಂಡತಿಯ ತಮ್ಮ ಕೂರುತ್ತಾನೆ, ಆ ಹೊತ್ತು ನಾನು ಮನೆಯಲ್ಲಿರುತ್ತೇನೆ. ಮಗಳ ಜೊತೆ ಗಣಿತದ ಪುಸ್ತಕ ಹಿಡಿದು ಕೂರುತ್ತೇನೆ. ಲೆಕ್ಕ ಅವಳೇ ಮಾಡುತ್ತಾಳೆ, ನಾನು ಪಕ್ಕದಲ್ಲಿರಬೇಕು ಅಷ್ಟೇ.

ಧಾರವಾಡದ ಟೇಲರ್ ಅಕ್ಕ

ಓದಿ ಬಹಳ ಸಂತೋಷ ಆಯಿತು ಅಣ್ಣಾ. ಸಾಂಬಾರ್ ಪುಡಿದು ಏನಾಯಿತು? ಅದನ್ನ ಹೇಳಲೇ ಇಲ್ಲ.

ತುಂಗಾತೀರ, ಶಿವಮೊಗ್ಗ

ಕೇಳಿದೆ ಅಕ್ಕಾ. ಅವಳು ಹೇಳಿದ್ದು ಇಷ್ಟು: "ಹುರಿಯೋದು ನಂಗೆ ಕಷ್ಟ ಇಲ್ಲ, ಆದರೆ ಹುಷಾರಿಲ್ಲದಾಗಲೂ ಮಾಡಬೇಕಲ್ಲ ಅನ್ನೋದು ಕಷ್ಟ. ಭಟ್ಟರ ಹೆಂಡತಿಗೆ ಕಲಿಸ್ತೀನಿ." ಭಟ್ಟರ ಮನೆಯವರು ಎರಡು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು ಬೇರೆ ಬೇರೆ ಹುರಿಯುವುದು, ಮೆಂತ್ಯ ಕೆಂಪಾದರೆ ಸಾಕು ಕಪ್ಪಾಗಬಾರದು, ಇದೆಲ್ಲ ಇಬ್ಬರೂ ಒಲೆ ಮುಂದೆ ನಿಂತು ಮಾಡಿದರು. ಅವರಿಗೂ ಕಿಲೋಗೆ ಇಷ್ಟು ಅಂತ ಮಾತಾಗಿದೆ. ಹೋದ ವಾರದ ಪ್ಯಾಕೆಟ್ ಅವರ ಕೈಯದು. ಮೊದಲ ದಿನ ಮೆಂತ್ಯ ಒಂಚೂರು ಜಾಸ್ತಿ ಆಗಿತ್ತು, ಹೆಂಡತಿ ರುಚಿ ನೋಡಿ ಹೇಳಿದಳು. ಈ ಭಾನುವಾರ ಮತ್ತೆ ಬರುತ್ತಾರೆ.